50,000 ರೂಪಾಯಿಯಲ್ಲಿ ವಿಯೆಟ್ನಾಂ: ಏನು ಸಿಕ್ಕಿತು, ಏನು ಬಿಟ್ಟೆ

"ಕೈಯಲ್ಲಿ ಐವತ್ತು ಸಾವಿರ ಇದೆ, ಫಾರಿನ್ ಟ್ರಿಪ್ ಆಗುತ್ತಾ?" ಅಂತ ಈಚೆಗೆ ತುಂಬಾ ಜನ ಕೇಳುತ್ತಾರೆ. ಆಗುತ್ತದೆ. ನಾನು ಹೆಚ್ಚುಕಮ್ಮಿ ಅಷ್ಟರಲ್ಲೇ ವಿಯೆಟ್ನಾಂಗೆ ಹೋಗಿ ಬಂದೆ. ಆದರೆ ಆ ದುಡ್ಡಿಗೆ ಒಂದು ದೇಶ ಸಿಗುವುದಿಲ್ಲ, ಎರಡು ಮೂರು ಊರು ಸಿಗುತ್ತವೆ. ಇದನ್ನು ಟಿಕೆಟ್ ತೆಗೆಯುವ ಮೊದಲೇ ಒಪ್ಪಿಕೊಂಡರೆ ಪ್ರವಾಸ ಚೆನ್ನಾಗಿರುತ್ತದೆ. ಒಪ್ಪದಿದ್ದರೆ ದಿನವೂ ಏನೋ ತಪ್ಪಿಹೋಯಿತು ಅನ್ನೋ ಸಂಕಟವೇ ಉಳಿಯುತ್ತದೆ.

ದುಡ್ಡಿನ ಅರ್ಧ ಭಾಗ ಮನೆ ಬಿಡುವ ಮೊದಲೇ ಖಾಲಿ. ಕೊಚ್ಚಿಯಿಂದ ಹೋ ಚಿ ಮಿನ್ ಸಿಟಿಗೆ, ಅಂದರೆ ಹಳೆಯ ಸೈಗಾನ್‌ಗೆ, ನೇರ ವಿಮಾನ ಸಿಕ್ಕಿತು. ಹೋಗಿ ಬರಲು 20,000ದ ಆಸುಪಾಸು. ಕೊಚ್ಚಿಗೆ ರಾತ್ರಿ ಬಸ್ಸು, ಬರುವಾಗಲೂ ಹಾಗೇ. ಒಮ್ಮೆ ಮಾತ್ರ ಒಳಗೆ ಬಿಡುವ ಇ-ವೀಸಾಗೆ 25 ಡಾಲರ್. ಅದರ ಮೇಲೆ ಪ್ರಯಾಣ ವಿಮೆ. ಇನ್ನು 8,000 ರೂಪಾಯಿ ಬೇರೆ ಖಾತೆಯಲ್ಲಿಟ್ಟು, ಅದು ಇಲ್ಲವೇ ಇಲ್ಲ ಅಂದುಕೊಂಡೆ. ವಿಮಾನ ತಪ್ಪಿದರೆ, ಜ್ವರ ಬಂದರೆ, ಫೋನ್ ಕಳೆದರೆ ಮಾತ್ರ ಆ ದುಡ್ಡು. ಇದನ್ನೆಲ್ಲ ಕಳೆದು ಅಲ್ಲಿ ಖರ್ಚು ಮಾಡಲು ಉಳಿದದ್ದು ಸುಮಾರು 17,000.

ನನ್ನ ಅನುಭವದಲ್ಲಿ ಜನ ಎಡವುವುದು ಇಲ್ಲೇ. ವಿಮೆ, ತುರ್ತು ದುಡ್ಡು ಎರಡನ್ನೂ ತೆಗೆದುಹಾಕಿ ಇನ್ನೊಂದು ಊರು ಸೇರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಊರು ಬಿಡಿ, ವಿಮೆ ಬಿಡಬೇಡಿ.

ವೀಸಾ ಬಗ್ಗೆ ಎರಡು ಮಾತು. ಅರ್ಜಿಯನ್ನು ವಿಯೆಟ್ನಾಂ ಸರ್ಕಾರದ ಪೋರ್ಟಲ್‌ನಲ್ಲೇ ಹಾಕಿ. ಅದರಂತೆಯೇ ಕಾಣುವ ಏಜೆಂಟ್ ಸೈಟುಗಳು ಬೇಕಾದಷ್ಟಿವೆ, ಅವು ಜಾಸ್ತಿ ದುಡ್ಡು ಕೀಳುತ್ತವೆ. ಇನ್ನು ಹೆಸರು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಎಲ್ಲೋ ಸೇರಿಕೊಂಡಿರುತ್ತದೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರಲ್ಲೂ ಹೆಸರು ಹೊಂದಬೇಕು. ಸರ್‌ನೇಮ್ ಇಲ್ಲದಿದ್ದರೆ ಟಿಕೆಟ್‌ನಲ್ಲಿ ಏನು ತುಂಬಬೇಕು ಅಂತ ಬುಕ್ ಮಾಡುವ ಮೊದಲೇ ವಿಮಾನದವರನ್ನು ಕೇಳಿ. ಮಾಡಿದ ಮೇಲೆ ತಿದ್ದಿಸಲು ಹೋದರೆ ದುಡ್ಡು ಕೇಳಬಹುದು.

ಲಗೇಜ್ 7 ಕೆಜಿಯೊಳಗೆ, ಒಂದೇ ಬ್ಯಾಗು. ಕಡಿಮೆ ದರದ ವಿಮಾನಗಳಲ್ಲಿ ಅಷ್ಟೇ ಉಚಿತ.

ಬೆಳಗಾಗುವ ಹೊತ್ತಿಗೆ ಸೈಗಾನ್‌ನಲ್ಲಿ ಇಳಿದೆ. ಹೊರಗೆ ಟ್ಯಾಕ್ಸಿಯವರು ಮುತ್ತಿಕೊಂಡರು. ಪಕ್ಕದಲ್ಲೇ ನಿಂತಿದ್ದ 152 ನಂಬರ್ ಸಿಟಿ ಬಸ್ಸು ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಬೆನ್ ಥಾನ್ ಮಾರ್ಕೆಟ್ ಹತ್ತಿರ ಬಿಟ್ಟಿತು. ಅಲ್ಲಿನ ದುಡ್ಡಿನ ಲೆಕ್ಕಕ್ಕೆ ನಾನು ಇಟ್ಟುಕೊಂಡ ಅಳತೆ, 30,000 ಡಾಂಗ್ ಅಂದರೆ 100 ರೂಪಾಯಿ. ನೋಟುಗಳನ್ನು ಮಾತ್ರ ಹುಷಾರಾಗಿ ನೋಡಿ. 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡರಲ್ಲೂ ಅದೇ ಹೋ ಚಿ ಮಿನ್ ಮುಖ. ಒಂದರ ಬೆಲೆ 67 ರೂಪಾಯಿ, ಇನ್ನೊಂದರದ್ದು 1,600ಕ್ಕೂ ಜಾಸ್ತಿ. ರಾತ್ರಿ ಮಂದ ಬೆಳಕಿನಲ್ಲಿ ಅವಸರ ಮಾಡಿದರೆ ಒಂದೂವರೆ ದಿನದ ಖರ್ಚು ಒಂದು ಎಳನೀರಿಗೆ ಹೋಗುತ್ತದೆ. ನಾನು 5 ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲೇ ಇಡುತ್ತಿದ್ದೆ.

ದಿನಕ್ಕೆ ಸಾವಿರ ರೂಪಾಯಿ ಅಂದರೆ ಹೇಗಿರುತ್ತದೆ? ಹಾಸ್ಟೆಲ್‌ನ ಡಾರ್ಮ್‌ನಲ್ಲಿ ಒಂದು ಹಾಸಿಗೆ, 400ರಿಂದ 500. ಎಂಟು ಜನರ ಕೋಣೆ. ಯಾರೋ ಗೊರಕೆ ಹೊಡೆಯುತ್ತಾರೆ, ಯಾರೋ ನಾಲ್ಕು ಗಂಟೆಗೆ ಎದ್ದು ಜಿಪ್ ಎಳೆಯುತ್ತಾರೆ. ಸ್ನಾನಕ್ಕೆ ಕಾಯಬೇಕು. ನಿದ್ದೆ ಅರ್ಧಂಬರ್ಧ, ಅದನ್ನೂ ಖರ್ಚಿನ ಲೆಕ್ಕಕ್ಕೇ ಸೇರಿಸಿ. ಹಾಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಸುಮ್ನೆ ಮಲಗಿಬಿಡುತ್ತಿದ್ದೆ. ಬೆಳಗ್ಗೆ, ಸಂಜೆ ಮಾತ್ರ ತಿರುಗಾಟ.

ಊಟದ ವಿಷಯ ನಮ್ಮವರಿಗೆ ದೊಡ್ಡ ಚಿಂತೆ, ಅದರಲ್ಲೂ ಸಸ್ಯಾಹಾರಿಗಳಿಗೆ. ಇಂಡಿಯನ್ ಹೋಟೆಲುಗಳಿವೆ, ಆದರೆ ಒಂದು ಊಟಕ್ಕೆ ದಿನದ ಅರ್ಧ ದುಡ್ಡು ಹೋಗುತ್ತದೆ. ನನ್ನನ್ನು ಕಾಪಾಡಿದ್ದು "ಕಮ್ ಚಾಯ್" ಅಂಗಡಿಗಳು. ಬೌದ್ಧರ ಸಸ್ಯಾಹಾರಿ ಅನ್ನದ ಅಂಗಡಿಗಳಿವು. ಪಗೋಡಗಳ ಸುತ್ತಮುತ್ತ ಹುಡುಕಿದರೆ ಸಿಗುತ್ತವೆ. ಗಾಜಿನ ಹಿಂದೆ ಹತ್ತಾರು ತಟ್ಟೆಗಳಿರುತ್ತವೆ. ಟೊಮೆಟೊದಲ್ಲಿ ಬೆಂದ ತೋಫು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಅಣಬೆ, ಬದನೆಕಾಯಿ. ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ ಕೊಡುತ್ತಾರೆ, ಜೊತೆಗೊಂದು ಬಟ್ಟಲು ತಿಳಿಸಾರು. 35,000 ಡಾಂಗ್, ಹೊಟ್ಟೆ ತುಂಬುತ್ತದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಅಲ್ಲಿ ಎಷ್ಟೋ ಜನ ಮಾಂಸ ಬಿಡುತ್ತಾರೆ, ಆವತ್ತು ಈ ಅಂಗಡಿಗಳು ಕಿಕ್ಕಿರಿದಿರುತ್ತವೆ. ಬೇರೆ ಹೋಟೆಲುಗಳಲ್ಲಿ ತರಕಾರಿಗೂ ಮೀನಿನ ಸಾಸ್ ಹಾಕಿರುವ ಸಾಧ್ಯತೆ ಜಾಸ್ತಿ, ನೆನಪಿರಲಿ. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇತ್ತು. ಬೆಳಗಿನ ತಿಂಡಿ ಅದರಲ್ಲೇ ಮುಗಿಯುತ್ತಿತ್ತು.

ಸೈಗಾನ್‌ನಿಂದ ಮಧ್ಯ ವಿಯೆಟ್ನಾಂನ ದಾ ನಾಂಗ್‌ಗೆ ರೈಲಿನಲ್ಲಿ ಹೋದೆ. 935 ಕಿಲೋಮೀಟರ್, ಹದಿನೇಳು ಗಂಟೆಗೂ ಜಾಸ್ತಿ. ನಮ್ಮ ಸ್ಲೀಪರ್ ಕ್ಲಾಸ್ ದರ ತಲೆಯಲ್ಲಿಟ್ಟುಕೊಂಡು ಹೋಗಬೇಡಿ, ಅಲ್ಲಿ ಅದರ ಐದು ಪಟ್ಟು ಕೊಡಬೇಕಾಗುತ್ತದೆ. ಆರು ಬರ್ತ್‌ಗಳ ಕೋಣೆಯಲ್ಲಿ ತೀರಾ ಮೇಲಿನದು ಅಗ್ಗ, ಆದರೆ ಅಲ್ಲಿ ನೆಟ್ಟಗೆ ಕೂರಲು ಆಗಲ್ಲ. ಒಂದು ರಾತ್ರಿಯ ಬಾಡಿಗೆ ಉಳಿಯಿತು ನಿಜ. ಆದರೂ ಹೋಗಿ ಬರುವ ರೈಲಿನ ಟಿಕೆಟ್ಟೇ ಅಲ್ಲಿನ ದುಡ್ಡಿನಲ್ಲಿ ಮೂರನೇ ಒಂದು ಭಾಗ ತಿಂದಿತು. ಒಂದೇ ಊರಲ್ಲಿ ಕೂತರೆ ಖರ್ಚು ತಾನಾಗಿಯೇ ಇಳಿಯುತ್ತದೆ, ಊರೂರು ಬದಲಿಸಿದಂತೆಲ್ಲ ಏರುತ್ತದೆ. ಅದಕ್ಕೇ ಉತ್ತರದ ಹನೋಯ್, ಹಾ ಲಾಂಗ್ ಕೊಲ್ಲಿ ಎರಡನ್ನೂ ಬಿಟ್ಟು, ದಾ ನಾಂಗ್ ಹತ್ತಿರದ ಹಳೆ ಊರು ಹೊಯ್ ಆನ್‌ನಲ್ಲಿ ಉಳಿದೆ. "ವಿಯೆಟ್ನಾಂಗೆ ಹೋಗಿ ಹಾ ಲಾಂಗ್ ನೋಡಲಿಲ್ವಾ?" ಅಂತ ಕೇಳದವರಿಲ್ಲ. ನೋಡಲಿಲ್ಲ. ಹಾ ಲಾಂಗ್‌ಗೆ ಹೋಗಿದ್ದರೆ ಹೊಯ್ ಆನ್‌ನ ದಿನಗಳು ಅದಕ್ಕೇ ಖರ್ಚಾಗುತ್ತಿದ್ದವು.

ದಾ ನಾಂಗ್ ಹತ್ತಿರದ ಬಾ ನಾ ಹಿಲ್ಸ್‌ನ ಫೋಟೋ ನೀವು ನೋಡಿರುತ್ತೀರಿ. ದೊಡ್ಡ ಕೈಗಳು ಹೊತ್ತಿರುವ ಚಿನ್ನದ ಬಣ್ಣದ ಸೇತುವೆ. ಅಲ್ಲಿಗೆ ಕೇಬಲ್ ಕಾರ್ ಟಿಕೆಟ್ ಸುಮಾರು 3,000 ರೂಪಾಯಿ, ಅಂದರೆ ನನ್ನ ಮೂರು ದಿನ. ಮಿ ಸನ್ ದೇವಾಲಯಗಳಿಗೆ ಒಳಗೆ ಹೋಗಲು 150,000 ಡಾಂಗ್, 500 ರೂಪಾಯಿ. ನಾನು ಎರಡನೆಯದಕ್ಕೆ ಹೋದೆ. ಬೆಟ್ಟಗಳ ನಡುವೆ ಕೆಂಪು ಇಟ್ಟಿಗೆಯ ಶಿವಾಲಯಗಳು. ನಾಲ್ಕನೇ ಶತಮಾನದಲ್ಲಿ ಈ ಭಾಗ ಆಳುತ್ತಿದ್ದ ಚಂಪಾ ರಾಜ್ಯದ ದೊರೆ ಭದ್ರವರ್ಮ ಇಲ್ಲಿ ಭದ್ರೇಶ್ವರ ಲಿಂಗ ಸ್ಥಾಪಿಸಿದ. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ಸಿಕ್ಕಿ ದೊಡ್ಡ ಗುಡಿಗಳು ಬಿದ್ದುಹೋದವು, ಬಾಂಬ್ ಬಿದ್ದ ಗುಂಡಿಗಳು ಇನ್ನೂ ಇವೆ. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಇಲ್ಲಿ ಕೆಲವು ಗುಡಿಗಳ ಜೀರ್ಣೋದ್ಧಾರ ಮಾಡಿದ್ದಾರೆ. ಕಲ್ಲಿನ ಮೇಲೆ ಸಂಸ್ಕೃತ ಶಾಸನ ಕಂಡು ನನಗೆ ಕಣ್ಣು ತುಂಬಿ ಬಂತು. ಆ ಒಂದು ಬೆಳಗ್ಗೆಗಾಗಿ ಇಡೀ ಪ್ರವಾಸ ಮಾಡಿದ್ದರೂ ಸರಿಯೇ ಅನ್ನಿಸಿತು.

ಸ್ಕೂಟರ್ ವಿಷಯ ಹೇಳಲೇಬೇಕು. ದಿನಕ್ಕೆ 400-500 ರೂಪಾಯಿಗೆ ಎಲ್ಲಿ ಬೇಕಾದರೂ ಕೊಡುತ್ತಾರೆ, ಲೈಸೆನ್ಸ್ ಕೇಳುವುದೂ ಅಪರೂಪ. ಆದರೆ ಭಾರತದಲ್ಲಿ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಸೇರಿರುವುದು 1968ರ ಒಪ್ಪಂದಕ್ಕೆ. ಹಾಗಾಗಿ ನಮ್ಮ ಪರ್ಮಿಟ್ ಅಲ್ಲಿ ನಡೆಯಲ್ಲ. ಅಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆಯವರೂ ಕೈ ಎತ್ತುತ್ತಾರೆ. ಡಾರ್ಮ್‌ನಲ್ಲಿ ನನ್ನ ಪಕ್ಕದ ಹಾಸಿಗೆಯ ಹುಡುಗ ಮೊಣಕಾಲಿಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ. ಬಿಲ್ ಪೂರ್ತಿ ಅವನ ಜೇಬಿನಿಂದಲೇ. ನಾನು ಸೈಕಲ್ ಬಾಡಿಗೆಗೆ ತೆಗೆದುಕೊಂಡೆ. ಹೊಯ್ ಆನ್ ಸುತ್ತ ಸಮತಟ್ಟು, ಗದ್ದೆ ಬದಿಯ ದಾರಿಯಲ್ಲಿ ತುಳಿದುಕೊಂಡು ಹೋದರೆ ಆನ್ ಬಾಂಗ್ ಬೀಚು. ಹಾಯ್ ವಾನ್ ಘಾಟಿ ನೋಡುವ ಆಸೆ ಇತ್ತು. ಅದಕ್ಕೆ ದಾ ನಾಂಗ್‌ನಿಂದ ಘಾಟಿಯ ಆಚೆಗಿನ ಹ್ವೇ ಊರಿಗೆ ಹಗಲು ರೈಲು ಹತ್ತಿದೆ. ರೈಲು ಬೆಟ್ಟದ ಅಂಚಿನಲ್ಲೇ ಹೋಗುತ್ತದೆ, ಕೆಳಗೆ ಸಮುದ್ರ. ಹ್ವೇಗೆ ಹೋಗುವಾಗ ಬಲಗಡೆ ಸೀಟು ಕೇಳಿ.

ಕೊನೆಗೆ ಸಮಯ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಯ್ ಆನ್ ಕಡೆ ಹಾಸಿಗೆ ಅಗ್ಗಕ್ಕೆ ಸಿಗುತ್ತದೆ, ಯಾಕೆಂದರೆ ಆಗ ಅಲ್ಲಿ ಮಳೆ, ಪ್ರವಾಹ. ಹಳೆ ಊರಿನ ಬೀದಿಗಳಲ್ಲೇ ನೀರು ನಿಲ್ಲುತ್ತದೆ. ಚಾಂದ್ರಮಾನ ಹೊಸ ವರ್ಷ ಟೆಟ್ ಬಂದಾಗ ಅಂಗಡಿಗಳು ಮುಚ್ಚಿರುತ್ತವೆ, ರೈಲು ಬಸ್ಸು ಎಲ್ಲ ಭರ್ತಿ, ದರವೂ ಜಾಸ್ತಿ. ಟೆಟ್ ಸಾಮಾನ್ಯವಾಗಿ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ, ಆ ವರ್ಷದ ದಿನಾಂಕ ಮೊದಲು ನೋಡಿ. ಮಾರ್ಚ್, ಏಪ್ರಿಲ್ ಆದರೆ ಮಧ್ಯ ವಿಯೆಟ್ನಾಂನಲ್ಲಿ ಮಳೆಯ ಕಾಟ ಕಡಿಮೆ, ಬಿಸಿಲೂ ತಡೆದುಕೊಳ್ಳುವಷ್ಟೇ. ಟಿಕೆಟ್ಟನ್ನು ಎರಡು ಮೂರು ತಿಂಗಳು ಮೊದಲೇ ನೋಡಲು ಶುರುಮಾಡಿ, ವಾರದ ಮಧ್ಯದ ದಿನಗಳ ದರವನ್ನೂ ಹೋಲಿಸಿ.