ಡ್ರಿಲ್ಲಿಂಗ್ ಮೆಷಿನ್ ಕಲಿಸಿದ ಧ್ಯಾನ

ಮೇಲಿನ ಮನೆಯಲ್ಲಿ ಗೋಡೆ ಕೊರೆಯುವ ಕೆಲಸ ಶುರುವಾದಾಗ, ನಾನು ದಿನಾ ಧ್ಯಾನಕ್ಕೆ ಕೂರತೊಡಗಿ ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ನನ್ನ ಉಪಾಯ ಒಂದೇ: ಊರು ಏಳುವ ಮೊದಲೇ ಎದ್ದು ಕೂತು ಮುಗಿಸಿಬಿಡೋದು. ಹಾಗಾಗಿ ನನಗೆ ಸಿಗುತ್ತಿದ್ದ ಶಾಂತಿ ನನ್ನದಾಗಿರಲಿಲ್ಲ, ಬೆಳಗಿನ ಜಾವದ್ದು. ಎರಡು ಗಂಟೆ ಕಳೆದು ಬಸ್ಸಿನಲ್ಲಿ ಯಾರೋ ಜೋರಾಗಿ ವಿಡಿಯೊ ಹಾಕಿದರೆ ಸಾಕು, ಎಲ್ಲ ಆವಿ.

ಹೆಡ್‌ಫೋನನ್ನೂ ನೋಡಿದ್ದಾಯಿತು. ಸದ್ದು ಅಳಿಸುವ ಹೆಡ್‌ಫೋನು ಎಂಜಿನ್ನು, ಫ್ಯಾನಿನಂಥ ಒಂದೇ ಸಮನೆಯ ಗುಂಯ್ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಹಠಾತ್ತನೆ ಬರುವ ಹಾರ್ನು, ಪಕ್ಕದವರ ಮಾತು ಅದಕ್ಕೆ ಅಷ್ಟು ಬಗ್ಗುವುದಿಲ್ಲ. ಹಿನ್ನೆಲೆಯ ಗದ್ದಲ ಹೋದಮೇಲೆ ಆ ಮಾತು ಇನ್ನೂ ನಿಚ್ಚಳವಾಗಿ ಕೇಳಿ ಮತ್ತಷ್ಟು ಸಿಟ್ಟು ಬರುತ್ತಿತ್ತು.

ಡ್ರಿಲ್ಲಿಂಗ್ ಸುಮಾರು ಒಂದು ವಾರ ನಡೆಯಿತು. ಮೂರನೇ ದಿನ, ಎದ್ದು ಹೋಗಲು ಬೇರೆ ಜಾಗವಿಲ್ಲದೆ, ಅದರ ಕೆಳಗೇ ಕೂತೆ. ಮೆಷಿನ್ ಕೆಲವು ಸೆಕೆಂಡು ಗರ್ರ್ ಎಂದು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಆಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅದು ನಿಂತಾಗಲೇ ನನ್ನ ಹಲ್ಲು ಬಿಗಿಯಾಗುತ್ತಿತ್ತು! 'ಕೆಳಗೆ ಜನ ಇದ್ದಾರೆ ಅನ್ನೋ ಪರಿವೆಯೇ ಇಲ್ವಾ? ಇವತ್ತು ಹೋಗಿ ಕೇಳೇಬಿಡ್ತೀನಿ' ಎಂದು ಮನಸ್ಸಲ್ಲೇ ಜಗಳ ಆಡುತ್ತಿದ್ದೆ. ಎದುರಾಳಿಯ ಉತ್ತರವನ್ನೂ ನಾನೇ ಹೇಳಿಕೊಳ್ಳುತ್ತಿದ್ದೆ. ಮೆಷಿನ್ ಕೊಟ್ಟ ಬಿಡುವನ್ನೆಲ್ಲ ಆ ಜಗಳ ನುಂಗಿಹಾಕುತ್ತಿತ್ತು.

ಅಂದಿನಿಂದ ಗಮನವನ್ನು ಉಸಿರಿನ ಮೇಲಿಡುವ ಬದಲು ಸದ್ದಿನ ಮೇಲೇ ಇಟ್ಟೆ. ಎಲ್ಲಿ ಶುರುವಾಯಿತು, ನಡುವೆ ಎಲ್ಲಿ ದನಿ ಬದಲಾಯಿತು, ಎಲ್ಲಿ ಮುಗಿಯಿತು. ಡ್ರಿಲ್ ಗಟ್ಟಿ ಜಾಗಕ್ಕೆ ತಾಗಿದರೆ ದನಿ ಭಾರವಾಗುತ್ತದೆ, ಆಚೆ ತೂರಿದರೆ ಹಗುರಾಗುತ್ತದೆ. ಸದ್ದು ನಿಂತಾಗ ದವಡೆ ಸಡಿಲಿಸಿ, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ, ಅದರ ಲಾಭ ಪಡೆದೆ ಅಷ್ಟೆ. ಮೊದಲ ದಿನ ಐದು ನಿಮಿಷಕ್ಕೆ ಸೋತೆ. ವಾರದ ಕೊನೆಗೆ 20 ನಿಮಿಷ ಕೂತೆ. ಜಗಳ ಪೂರ್ತಿ ನಿಂತಿತೆಂದರೆ ಸುಳ್ಳು. ಶುರುವಾದದ್ದು ಬೇಗ ಗೊತ್ತಾಗುತ್ತಿತ್ತು.

ಇನ್ನೊಂದು ಸಣ್ಣ ಉಪಾಯ: ಜೇಬಿನಲ್ಲಿ ಸದಾ ಒಂದು ಜೊತೆ ಇಯರ್‌ಪ್ಲಗ್. ಹಾಕಿಕೊಳ್ಳುವುದು ಅಪರೂಪ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗದ್ದಲ ಕೇಳುತ್ತಾ ಕೆಲಸ ಮಾಡುವ ಕೆಲವರಿಗೆ ಅದನ್ನು ನಿಲ್ಲಿಸಬಲ್ಲ ಗುಂಡಿಯೊಂದನ್ನು ಕೊಟ್ಟಿದ್ದರು. ಆದಷ್ಟು ಒತ್ತಬೇಡಿ ಎಂದೂ ಹೇಳಿದ್ದರು. ಒತ್ತದೇ ಇದ್ದರೂ, ಗುಂಡಿ ಇದ್ದವರು ಆಮೇಲಿನ ಕೆಲಸದಲ್ಲಿ ಇಲ್ಲದವರಿಗಿಂತ ತಾಳ್ಮೆ ತೋರಿದರು. ನನ್ನ ಜೇಬಿನಲ್ಲಿರುವುದು ಆ ಗುಂಡಿ.

ರಾತ್ರಿಯ ಮಾತು ಮಾತ್ರ ಬೇರೆ. ನಿದ್ದೆಗೆಟ್ಟವರಿಗೆ 'ಸದ್ದನ್ನು ಒಪ್ಪಿಕೊಳ್ಳಿ' ಎನ್ನುವವರನ್ನು ಕಂಡರೆ ನನಗಾಗದು. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಎಚ್ಚರವಾಗದಿದ್ದರೂ ಮೈ ಸದ್ದಿಗೆ ಸ್ಪಂದಿಸುತ್ತಲೇ ಇರುತ್ತದೆ. ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಅಲ್ಲಿ ನಾನು ಧ್ಯಾನವನ್ನು ನಂಬಿ ಕೂರಲಿಲ್ಲ, ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ.

ಮೇಲಿನ ಮನೆಯ ಕೆಲಸ ಮುಗಿದು ವರ್ಷವಾಯಿತು. ಈಗ ಅಲ್ಲೊಂದು ಮಗು ಚೆಂಡು ಪುಟಿಸುತ್ತದೆ, ಅದೂ ನಾನು ಕೂರುವ ಹೊತ್ತಿಗೇ. ನಿನ್ನೆ ಮೊದಲ ಸದ್ದಿಗೆ ಹೆಗಲು ಕಿವಿವರೆಗೆ ಏರಿತು. ಇಳಿಸಿದೆ. ಏಳು ಸಲ ಪುಟಿಯಿತು. ಎಂಟನೆಯದಕ್ಕೆ ಕಾಯುತ್ತಿದ್ದೆ, ಚೆಂಡು ಕೈತಪ್ಪಿತೇನೋ, ಮೆಲ್ಲಗೆ ಉರುಳುತ್ತಾ ಕೋಣೆಯ ಆ ತುದಿಯವರೆಗೂ ಹೋಯಿತು.