ಬಾಹ್ಯಾಕಾಶ ಸ್ಟೇಷನ್‌ನಿಂದ ಸ್ಪೇಸ್ ಶಟಲ್ ಬಿಡಿಸ್ಕೊಂಡು ಬರೋದು ಹೇಗೆ

ನಾಸಾದ ಸ್ಪೇಸ್ ಶಟಲ್ (ಗಗನಯಾತ್ರಿಗಳನ್ನ ಒಯ್ಯೋ ನೌಕೆ) ಅಟ್ಲಾಂಟಿಸ್‌ನ ಪೈಲಟ್ ಸೀಟು ನಿಮ್ದೇ ಅಂದ್ಕೊಳಿ, 2011ರ ಜುಲೈ 19, ಶಟಲ್‌ಗಳ ಕೊನೇ ಟ್ರಿಪ್ಪು, ಬಾಹ್ಯಾಕಾಶ ಸ್ಟೇಷನ್‌ಗೆ ಅಂಟ್ಕೊಂಡಿದೀರಿ. ಮೊದ್ಲು ಎರಡೂ ಕಡೆ ಹ್ಯಾಚ್, ಅಂದ್ರೆ ಬಾಗಿಲು, ಮುಚ್ಚಿ, ಗಾಳಿ ಸೋರ್ತಿದ್ಯಾ ನೋಡಿ, ಇದ್ರಲ್ಲಿ ಅರ್ಜೆಂಟ್ ಬೇಡ. ಆಮೇಲೆ ಎರಡನ್ನೂ ಹಿಡಿದಿರೋ ಕೊಕ್ಕೆ ಬಿಚ್ಚೋದು.

ಇಲ್ಲೇ ಮಜಾ ಇರೋದು. ಎಲ್ರೂ ರಾಕೆಟ್ ಉರಿಸಿ ರಿವರ್ಸ್ ಬರ್ತಾರೆ ಅಂದ್ಕೋತಾರೆ, ಹಂಗೇನಿಲ್ಲ, ಥ್ರಸ್ಟರ್ (ನೌಕೆ ತಿರುಗಿಸೋ ಪುಟ್ಟ ರಾಕೆಟ್) ಆಫ್ ಮಾಡಿರ್ಬೇಕು, ಸ್ಪ್ರಿಂಗ್‌ಗಳೇ ಮೆತ್ತಗೆ ತಳ್ತವೆ, ಯಾಕಂದ್ರೆ ಅಷ್ಟು ಹತ್ರ ಉರಿಸಿದ್ರೆ ಆ ಹೊಗೆ ಹೋಗಿ ಸ್ಟೇಷನ್‌ನ ಸೋಲಾರ್ ಪ್ಯಾನೆಲ್‌ಗೆ ಬಡಿಯತ್ತೆ. ಸ್ವಲ್ಪ ದೂರ ಆದ್ಮೇಲೇ ಥ್ರಸ್ಟರ್ ಆನ್, ಅದೂ ನೇರ ಸ್ಟೇಷನ್ ಕಡೆ ಉರಿಯದ ಮೋಡಲ್ಲಿ. ಎರಡೂ ಗಂಟೆಗೆ 28,000 ಕಿ.ಮೀ. ಓಡ್ತಿದ್ರೂ ಒಂದಕ್ಕೊಂದು ನೋಡಿದ್ರೆ ಆಮೆ ನಡಿಗೆ!

ಮುಂದಿನ ಸೀಟಲ್ಲಿ ಕೂತು ಓಡ್ಸಂಗಿಲ್ಲ, ಹಿಂದಿನ ಕಿಟಕಿ ಹತ್ರ ನಿಂತು ಸ್ಟೇಷನ್ ನೋಡ್ತಾನೇ ಓಡಿಸ್ಬೇಕು. ಇನ್ನಷ್ಟು ಆಚೆ ಬಂದು, ಸುತ್ತು ಹಾಕ್ತಾ ಫೋಟೋ ತಗೊಳಿ, ಆಮೇಲೆ ಥ್ರಸ್ಟರ್ ಸ್ವಲ್ಪ ಉರಿಸಿ ದೂರ ಹೋಗಿ.

ಕೊಕ್ಕೆ ಬಿಚ್ಕೊಳ್ಲೇ ಇಲ್ವಾ? ಅದನ್ನ ಸಿಡಿಸಿ ಬಿಡಿಸೋಕೆ ಸಿಡಿಮದ್ದಿಟ್ಟಿರ್ತಾರೆ. ಅದೂ ಕೈಕೊಟ್ರೆ ಹೊರಗೆ ಹೋಗಿ 96 ಬೋಲ್ಟ್ ಬಿಚ್ಚೋದೇ, ಪುಣ್ಯಕ್ಕೆ ಆ ಕೆಲ್ಸ ಯಾರಿಗೂ ಬೀಳ್ಲಿಲ್ಲ. ಅಟ್ಲಾಂಟಿಸ್ 21ಕ್ಕೆ ಫ್ಲಾರಿಡಾದಲ್ಲಿ ಇಳೀತು.