ರ‍್ಯಾಂಚ್ ಮನೆಯ ರಿಪೇರಿ ಅಟ್ಟದಿಂದ ಶುರುವಾಗಲಿ

ಅಮೆರಿಕದಲ್ಲಿ 1950-70ರ ನಡುವೆ ಕಟ್ಟಿದ ರ‍್ಯಾಂಚ್ ಮನೆ ಕೊಂಡವರು ಮೊದಲು ಕೈ ಹಾಕುವುದು ಕಿಟಕಿಗೆ, ಇಲ್ಲವೇ ಸೋಲಾರಿಗೆ. ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಒಂದೇ ಅಂತಸ್ತಿನ ಈ ಮನೆಗಳಲ್ಲಿ ಅಟ್ಟ ನೆಲದಷ್ಟೇ ಅಗಲ. ಚಳಿಗಾಲದಲ್ಲಿ ಬಿಸಿಗಾಳಿ ಮೇಲೇರಿ ಸೋರುವುದು ಅಲ್ಲಿಂದಲೇ.

ಮೊದಲು ತಪಾಸಣೆ. 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ನೆಲದ 9 ಇಂಚಿನ ಚೌಕ ಬಿಲ್ಲೆಯಲ್ಲೂ ಅದರಡಿಯ ಕಪ್ಪು ಅಂಟಿನಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಉಸಿರಿಗೆ ಹೋದರೆ ಅಪಾಯ. ಬಿಲ್ಲೆ ಗಟ್ಟಿಯಾಗಿದ್ದರೆ ಕೀಳದೆ ಮೇಲೇ ಹೊಸ ನೆಲ ಹಾಸಿ. ಅಟ್ಟದಲ್ಲಿ ಮಿನುಗುವ ಸಣ್ಣ ಹರಳಿನಂಥ ವರ್ಮಿಕ್ಯುಲೈಟ್ ಕಂಡರೆ ಕೆದಕದೆ ಇಳಿದುಬನ್ನಿ. ಅದರಲ್ಲೂ ಕಲ್ನಾರು ಇದೆಯೆಂದೇ ತಿಳಿಯಬೇಕು.

ಆಮೇಲೆ ಬ್ಲೋಯರ್ ಡೋರ್ ಪರೀಕ್ಷೆ. ಮುಂಬಾಗಿಲಿಗೆ ಫ್ಯಾನ್ ಕೂರಿಸಿ 50 ಪ್ಯಾಸ್ಕಲ್ ಒತ್ತಡ ವ್ಯತ್ಯಾಸದಲ್ಲಿ ಸೋರಿಕೆ ಅಳೆಯುತ್ತಾರೆ. ಫ್ಯಾನ್ ತಿರುಗುತ್ತಿರುವಾಗಲೇ ಮನೆಯೊಳಗೆ ಒಂದು ಸುತ್ತು ಹಾಕಿ, ಸ್ವಿಚ್ ಬೋರ್ಡಿನ ಮುಂದೆ ಅಂಗೈ ಹಿಡಿದರೆ ತಣ್ಣನೆ ಗಾಳಿ ತಾಗುತ್ತದೆ.

ಈಗ ಅಟ್ಟ. ಹಳೆಯ ಫೈಬರ್‌ಗ್ಲಾಸ್ ಹಾಸು ಎತ್ತಿ ನೋಡಿ. ಕೆಳಗೆ ಕಪ್ಪಗೆ ಮಾಸಿದ್ದರೆ ಅಲ್ಲೇ ತೂತು, ಗಾಳಿಯ ಧೂಳನ್ನು ಅದು ಸೋಸಿದೆ. ಗೋಡೆಯ ನೆತ್ತಿಯ ಮರದ ಪಟ್ಟಿ, ವೈರಿನ ರಂಧ್ರ, ಪೈಪಿನ ಸುತ್ತ, ಅಡುಗೆಮನೆ ಕಪಾಟಿನ ಮೇಲಿನ ಟೊಳ್ಳು, ಎಲ್ಲ ಹುಡುಕಿ. ಕಾಲು ಇಂಚಿನೊಳಗಿನ ಬಿರುಕಿಗೆ ಕಾಕ್ (ಸಂದಿ ಮುಚ್ಚುವ ಮೇಣದಂಥ ಅಂಟು), ಅದಕ್ಕಿಂತ ದೊಡ್ಡದಕ್ಕೆ ಡಬ್ಬಿಯಿಂದ ಚಿಮ್ಮಿಸುವ ಕ್ಯಾನ್ ಫೋಮ್, ಟೊಳ್ಳಿಗೆ ಗಟ್ಟಿ ಫೋಮ್ ಹಲಗೆ ಕತ್ತರಿಸಿ ಅಂಚಿಗೆ ಫೋಮ್. ಹೊಗೆ ಕೊಳವೆಯ ಸುತ್ತ ಮಾತ್ರ ಫೋಮ್ ಕೂಡದು. ತಗಡು ಮತ್ತು ಬೆಂಕಿ ತಡೆಯುವ ಕಾಕ್ ಬೇಕು. ಬಚ್ಚಲ ಫ್ಯಾನಿನ ಕೊಳವೆ ಅಟ್ಟದಲ್ಲೇ ಕೊನೆಯಾಗಿದ್ದರೆ ಸೂರಿನಾಚೆಗೆ ಎಳೆಯಿರಿ, ಇಲ್ಲದಿದ್ದರೆ ಹಲಗೆಗೆ ಬೂಸ್ಟು ಖಾತ್ರಿ.

ಮುಚ್ಚಿಯಾದ ಮೇಲಷ್ಟೇ ಸೆಲ್ಯುಲೋಸ್. ಹಳೆ ಪತ್ರಿಕೆಯ ಚೂರಿಗೆ ಬೆಂಕಿ ತಡೆಯುವ ಬೋರೇಟ್ ಬೆರೆಸಿದ ಸಾಮಗ್ರಿ ಇದು, ಇಂಚಿಗೆ ಸುಮಾರು ಆರ್-3.5. ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ. ಆರ್-49 ಆಗಲು 14 ಇಂಚು ಬೇಕು. ಸುರಿಯುವ ಮೊದಲು ಸೂರಿನಂಚಿನ ಪ್ರತಿ ಜಂತಿಯ ಸಂದಿಗೂ ಬ್ಯಾಫಲ್ (ಗಾಳಿಗೆ ದಾರಿ ಬಿಡುವ ತಡಿಕೆ) ಹೊಡೆಯಿರಿ, ಇಲ್ಲದಿದ್ದರೆ ಹೊರಗಾಳಿಯ ದಾರಿ ಕಟ್ಟಿಹೋಗುತ್ತದೆ. ತಗ್ಗು ಚಾವಣಿಯ ಈ ಅಂಚಿನಲ್ಲಿ ಜಾಗವೇ ಕಡಿಮೆ, ಹಿಮನಾಡಿನಲ್ಲಿ ಮಂಜುಗಡ್ಡೆ ಕಟ್ಟುವುದೂ ಇಲ್ಲೇ. ಅಲ್ಲಿ ಇಂಚಿಗೆ ಹೆಚ್ಚು ತಡೆಯುವ ಫೋಮ್ ಹಲಗೆ ಒಳ್ಳೆಯದು.

ಮನೆ ಬಿಗಿಯಾದಾಗ ಹೊಸ ತಂಟೆ ಹುಟ್ಟುತ್ತದೆ. ಚಿಮಣಿಗೆ ಹೊಗೆ ಬಿಡುವ ಹಳೆ ಗ್ಯಾಸ್ ಗೀಸರ್ ಆ ಹೊಗೆಯನ್ನು ಒಳಕ್ಕೇ ತಳ್ಳಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರಬಹುದು. ಮುಚ್ಚುವ ಕೆಲಸದ ಮುಂಚೆ, ಆಮೇಲೆ ಎರಡು ಸಲವೂ ಪರೀಕ್ಷೆ ಮಾಡಿಸಿ, ಅಲಾರಂ ಹಾಕಿ. ಒಲೆಯ ಮೇಲೆ ಹೊಗೆ ಎಳೆಯುವ ಹುಡ್ ಹೊರಕ್ಕೇ ಬಿಡುವಂಥದ್ದಾಗಿರಬೇಕು. ಗಾಳಿ ಸೋಸಿ ಒಳಕ್ಕೇ ಬಿಡುವ ಹುಡ್ ನಮ್ಮ ಒಗ್ಗರಣೆಯ ಘಾಟಿಗೆ ಸಾಲದು.

ಗೋಡೆಯೊಳಗೆ 3.5 ಇಂಚಿನ ಪೊಳ್ಳಷ್ಟೇ ಇರುವುದು. ಖಾಲಿಯಿದ್ದರೆ ಹೊರಗಿನಿಂದ ತೂತು ಕೊರೆದು ಸೆಲ್ಯುಲೋಸ್ ಒತ್ತಿ ತುಂಬಿಸಬಹುದು, ಆರ್-13 ಸಿಗುತ್ತದೆ. 1965-73ರ ಮನೆಯಾದರೆ ಜೋಡಣೆಗಳಲ್ಲಿ ಬಿಸಿಯೇರಿ ಬೆಂಕಿಗೆ ಕಾರಣವಾಗಬಲ್ಲ ಅಲ್ಯೂಮಿನಿಯಂ ವೈರಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ, ಆಮೇಲೆ ತುಂಬಿಸಿ.

ಚಳಿಗೆ ಬಿಸಿ, ಸೆಕೆಗೆ ತಂಪು ಎರಡೂ ಕೊಡುವ ಯಂತ್ರ ಹೀಟ್ ಪಂಪ್ ಕೊನೆಗೆ. ಮನೆ ಬಿಸಿ ಮಾಡುವ ಹಳೆ ಫರ್ನೇಸಿನ ಅಳತೆಗೇ ಹೊಸದು ಕೊಡುವ ಗುತ್ತಿಗೆದಾರನಿಗೆ ಬೇಡ ಎನ್ನಿ. ಬಿಗಿಗೊಳಿಸಿದ ಮನೆಯ ಮ್ಯಾನ್ಯುಯಲ್ ಜೆ ಲೆಕ್ಕ, ಅಂದರೆ ಮನೆಗೆ ಎಷ್ಟು ಬಿಸಿ-ತಂಪು ಬೇಕೆಂಬ ಲೆಕ್ಕ, ಕೇಳಿ. ದೊಡ್ಡದಾದರೆ ಹತ್ತಿ ಆರಿ ಮಾಡುತ್ತಾ ಬೇಸಿಗೆಯಲ್ಲಿ ತೇವ ತೆಗೆಯುವುದಿಲ್ಲ. ಅಟ್ಟದ ಹೊದಿಕೆಗೂ ಹೀಟ್ ಪಂಪಿಗೂ ಇದ್ದ ಫೆಡರಲ್ ಸರ್ಕಾರದ 25ಸಿ ಎಂಬ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ರಾಜ್ಯ ಮತ್ತು ವಿದ್ಯುತ್ ಕಂಪನಿಯ ರಿಯಾಯಿತಿಗಳನ್ನು ಕರಾರಿಗೆ ಸಹಿ ಹಾಕುವ ಮೊದಲೇ ವಿಚಾರಿಸಿ.